ವಯಸ್ಸಾದವರ ಆತಂಕಕ್ಕೆ ಮಾತಿನ ಚಿಕಿತ್ಸೆ: ಎಲ್ಲಿ ಶುರು ಮಾಡಬೇಕು, ಹೇಗೆ ಮುಂದುವರಿಸಬೇಕು

ಎದೆ ಡವಡವ ಅನ್ನುತ್ತದೆ. ಹೊಟ್ಟೆಯಲ್ಲಿ ಏನೋ ಸಂಕಟ. ರಾತ್ರಿ ಮೂರಕ್ಕೆ ಎಚ್ಚರ ಆದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಇಸಿಜಿ ಆಯಿತು, ಎಕೋ ಆಯಿತು, ಎಂಡೋಸ್ಕೋಪಿಯೂ ಆಯಿತು. ಕೊನೆಗೆ ಡಾಕ್ಟರು 'ಏನೂ ಇಲ್ಲ, ಸುಮ್ನೆ ಟೆನ್ಷನ್ ಮಾಡ್ಕೋತೀರ' ಅಂದು ಕಳಿಸಿದರು. ಅರವತ್ತು ದಾಟಿದವರು ಇರುವ ಎಷ್ಟೋ ಮನೆಗಳಲ್ಲಿ ಈ ಕತೆ ನಡೆದಿರುತ್ತದೆ.

ನಮ್ಮ ಹಿರಿಯರು 'ನನಗೆ ಭಯ ಆಗ್ತಿದೆ' ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ಗ್ಯಾಸ್ ಅನ್ನುತ್ತಾರೆ, ಕೈಕಾಲು ಸೋತು ಬರುತ್ತದೆ ಅನ್ನುತ್ತಾರೆ, ತಲೆ ಧಿಮ್ ಅನ್ನುತ್ತದೆ ಅನ್ನುತ್ತಾರೆ. ಅದಕ್ಕೇ ಆತಂಕ ಅನ್ನುವುದು ವರ್ಷಗಟ್ಟಲೆ ಬೇರೆ ಬೇರೆ ಹೆಸರಲ್ಲಿ ಓಡಾಡಿಕೊಂಡಿರುತ್ತದೆ. 'ಈ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ' ಅಂತ ಮನೆಯವರೂ ಬಿಟ್ಟುಬಿಡುತ್ತಾರೆ. ಇದ್ದದ್ದೇ ಅಲ್ಲ. ಇದಕ್ಕೆ ಚಿಕಿತ್ಸೆ ಇದೆ, ಅದರಲ್ಲಿ ಮಾತ್ರೆ ಇಲ್ಲದ ಚಿಕಿತ್ಸೆಯೂ ಇದೆ.

ಮಾತಿನ ಚಿಕಿತ್ಸೆ ಅಂದಕೂಡಲೇ ಯಾರೋ ಎದುರು ಕೂತು ಬುದ್ಧಿ ಹೇಳುತ್ತಾರೆ, ಸಮಾಧಾನ ಮಾಡುತ್ತಾರೆ ಅಂದುಕೊಳ್ಳುವವರೇ ಜಾಸ್ತಿ. ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಯಾವತ್ತೂ ಬರ ಇರಲಿಲ್ಲ. ಇಲ್ಲಿ ನಡೆಯುವ ಕೆಲಸ ಬೇರೆ. ಆತಂಕಕ್ಕೆ ಹೆಚ್ಚು ಬಳಕೆಯಲ್ಲಿರುವ ವಿಧಾನ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಸಿಬಿಟಿ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಇದರ ಬುನಾದಿ ಹಾಕಿದರು. ತಲೆಯಲ್ಲಿ ಬರುವ ಯೋಚನೆ, ಮೈಯಲ್ಲಿ ಆಗುವ ಗಾಬರಿ, ಅದಕ್ಕೆ ಹೆದರಿ ನಾವು ಮಾಡುವ ಕೆಲಸ, ಈ ಮೂರೂ ಒಂದನ್ನೊಂದು ಎಳೆಯುತ್ತವೆ. ಎಲ್ಲಿ ಕೈ ಹಾಕಿದರೆ ಆ ಎಳೆತ ಸಡಿಲ ಆಗುತ್ತದೆ ಅಂತ ಹುಡುಕಿ, ಅದನ್ನು ದಿನವೂ ಅಭ್ಯಾಸ ಮಾಡಿಸುವುದೇ ಚಿಕಿತ್ಸೆ. ಸಾಮಾನ್ಯವಾಗಿ ವಾರಕ್ಕೊಂದು ಸೆಷನ್, ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಒಟ್ಟು 8ರಿಂದ 12 ಸೆಷನ್.

ವಯಸ್ಸಾದವರಿಗೆ ಇದು ನಾಟುತ್ತದಾ? ನಾಟುತ್ತದೆ, ಆದರೆ ಪವಾಡ ಕಾಯಬೇಡಿ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೆಲಿಂಡಾ ಸ್ಟಾನ್ಲಿ ಮತ್ತು ಜೊತೆಗಾರರು 60 ದಾಟಿದ 134 ಜನರ ಮೇಲೆ ನಡೆಸಿದ ಅಧ್ಯಯನ 2009ರಲ್ಲಿ ಬಂತು. ಮಾಮೂಲಿ ಚಿಕಿತ್ಸೆಯಲ್ಲಿದ್ದ ಇನ್ನೊಂದು ಗುಂಪಿಗಿಂತ ಸಿಬಿಟಿ ಪಡೆದವರ ಚಿಂತೆಯ ತೀವ್ರತೆ ಕಡಿಮೆ ಆಯಿತು, ಮನಸ್ಸಿನ ಕುಗ್ಗುವಿಕೆಯೂ ಕಡಿಮೆ ಆಯಿತು. ಆದರೆ ಆತಂಕದ ಕಾಯಿಲೆಯ ಒಟ್ಟು ತೀವ್ರತೆಯ ಅಳತೆಯಲ್ಲಿ ಎರಡು ಗುಂಪಿಗೂ ದೊಡ್ಡ ಅಂತರ ಕಾಣಲಿಲ್ಲ. ಎಳೆಯರಿಗಿಂತ ಹಿರಿಯರಲ್ಲಿ ಫಲ ಸ್ವಲ್ಪ ಕಡಿಮೆ, ಸ್ವಲ್ಪ ನಿಧಾನ. ಹಾಗಾಗಿ ಚಿಕಿತ್ಸೆಯನ್ನು ಅವರ ಅಳತೆಗೆ ಹೊಲಿಸಿಕೊಳ್ಳುವುದು ಮುಖ್ಯ.

ಹಂತ 1: ಮೊದಲು ಮೈ ಪರೀಕ್ಷೆ ಮಾಡಿಸಿ

ಇದನ್ನು ಬಿಟ್ಟು ನೇರ ಕೌನ್ಸೆಲಿಂಗ್‌ಗೆ ಹೋಗಬೇಡಿ. ಥೈರಾಯ್ಡ್ ಜಾಸ್ತಿ ಆದರೂ ಎದೆ ಬಡಿತ, ಕೈ ನಡುಕ, ನಿದ್ದೆಗೇಡು ಬರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಶುಗರ್ ಇಳಿದಾಗ ಆಗುವ ಬೆವರು, ತಳಮಳ ಥೇಟ್ ಗಾಬರಿಯ ಹಾಗೇ ಇರುತ್ತದೆ. ಹೃದಯದ ಬಡಿತದ ಏರುಪೇರು, ರಕ್ತಹೀನತೆ, ಬಿ12 ಕೊರತೆ, ಇವನ್ನೂ ನೋಡಿಸಬೇಕು. ದಮ್ಮಿಗೆ ಎಳೆದುಕೊಳ್ಳುವ ಸಾಲ್ಬುಟಮಾಲ್ ಪಂಪ್, ಸ್ಟಿರಾಯ್ಡ್ ಮಾತ್ರೆ, ದಿನಕ್ಕೆ ನಾಲ್ಕೈದು ಲೋಟ ಫಿಲ್ಟರ್ ಕಾಫಿ ಕೂಡ ಇದನ್ನೇ ಮಾಡುತ್ತವೆ.

ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ ಸ್ಟ್ರಿಪ್‌ಗಳನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ. ಅದರಲ್ಲಿ ಆಲ್ಪ್ರಜೋಲಾಮ್, ಕ್ಲೋನಾಜೆಪಾಮ್ ಅಥವಾ ಲೋರಾಜೆಪಾಮ್ ಇದೆಯಾ ಅಂತ ನೋಡಿ. ಯಾವತ್ತೋ ಯಾರೋ ಒಂದು ವಾರಕ್ಕೆ ಬರೆದುಕೊಟ್ಟದ್ದು ವರ್ಷಾನುಗಟ್ಟಲೆ 'ನಿದ್ದೆ ಮಾತ್ರೆ'ಯಾಗಿ ಮುಂದುವರಿದಿರುತ್ತದೆ. ವಯಸ್ಸಾದವರಲ್ಲಿ ಇವು ನೆನಪು ಮಂಕಾಗಿಸುತ್ತವೆ, ಬೀಳುವ ಅಪಾಯ ಹೆಚ್ಚಿಸುತ್ತವೆ. ಹಾಗಂತ ನೀವೇ ಒಂದು ದಿನ ಥಟ್ಟನೆ ನಿಲ್ಲಿಸಬೇಡಿ. ಅದು ಇನ್ನೂ ಅಪಾಯ. ಡಾಕ್ಟರ ಲೆಕ್ಕದಲ್ಲಿ ನಿಧಾನವಾಗಿ ಇಳಿಸಬೇಕು.

ಜೀವನವಿಡೀ ಧೈರ್ಯವಾಗಿದ್ದವರಿಗೆ ಎಪ್ಪತ್ತರ ಮೇಲೆ ಹೊಸದಾಗಿ ಆತಂಕ ಶುರುವಾದರೆ ಒಂದು ಸಲ ನೆನಪಿನ ಶಕ್ತಿಯನ್ನೂ ಪರೀಕ್ಷೆ ಮಾಡಿಸಿ. ಮರೆವಿನ ಕಾಯಿಲೆಯ ಮೊದಲ ಸುಳಿವು ಕೆಲವೊಮ್ಮೆ ಹೀಗೆ ಬರುತ್ತದೆ. ಇನ್ನೊಂದು ಮಾತು: ಆತಂಕ ಇದೆ ಅಂತ ಗೊತ್ತಿರುವವರಿಗೂ ಹಾರ್ಟ್ ಅಟ್ಯಾಕ್ ಆಗಬಹುದು. ಎದೆ ನೋವು, ತೋಳಿಗೆ ಹರಡುವ ನೋವು, ತಣ್ಣನೆ ಬೆವರು ಬಂದರೆ ನೇರ ಆಸ್ಪತ್ರೆಗೆ ಹೋಗಿ.

ಹಂತ 2: ಒಪ್ಪಿಸುವುದು

'ಅಮ್ಮ, ನಿಮ್ಹಾನ್ಸ್‌ಗೆ ಹೋಗಿ ಬರೋಣ' ಅಂದರೆ ಮುಗಿಯಿತು. 'ನನಗೇನು ಹುಚ್ಚಾ?' ಅಂತ ಎದ್ದು ಒಳಗೆ ಹೋಗುತ್ತಾರೆ. ಸುಳ್ಳು ಹೇಳಿ ಕರೆದುಕೊಂಡು ಹೋಗುವುದು ಇನ್ನೂ ಕೆಟ್ಟದ್ದು. ಬಾಗಿಲಲ್ಲಿ ಬೋರ್ಡ್ ಓದಿದ ಕೂಡಲೇ ನಂಬಿಕೆ ಹೋಯಿತು, ಆಮೇಲೆ ಯಾವ ಮಾತಿನ ಚಿಕಿತ್ಸೆ?

ಅವರಿಗೇ ಬೇಸರ ತಂದಿರುವ ವಿಷಯದಿಂದ ಶುರು ಮಾಡಿ. ನಿದ್ದೆ ಇಲ್ಲದಿರುವುದೇ ಅವರ ದೂರಾದರೆ ನಿದ್ದೆಯ ಮಾತೇ ಸಾಕು. 'ಅತ್ತೆ, ರಾತ್ರಿಯೆಲ್ಲ ಎಚ್ಚರ ಇರ್ತೀರಿ, ಮಾತ್ರೆ ಜಾಸ್ತಿ ಮಾಡೋದು ಬೇಡ ಅಂತ ನಮ್ಮ ಡಾಕ್ಟ್ರೇ ಹೇಳಿದ್ದಾರೆ. ಮಾತ್ರೆ ಇಲ್ಲದೆ ಅಭ್ಯಾಸದಲ್ಲೇ ಸರಿ ಮಾಡೋರು ಇದ್ದಾರಂತೆ. ಎರಡು ಸಲ ಹೋಗಿ ನೋಡೋಣ, ಇಷ್ಟ ಆಗದಿದ್ರೆ ಬಿಡೋಣ.' ಇದರಲ್ಲಿ ಸುಳ್ಳಿಲ್ಲ, ಬಲವಂತವೂ ಇಲ್ಲ. ಮಕ್ಕಳು ಹತ್ತು ಸಲ ಹೇಳಿದ್ದಕ್ಕಿಂತ ಇಪ್ಪತ್ತು ವರ್ಷದಿಂದ ನೋಡುತ್ತಿರುವ ಫ್ಯಾಮಿಲಿ ಡಾಕ್ಟರು ಒಂದು ಸಲ ಹೇಳಿದರೆ ಕೆಲಸ ಆಗುತ್ತದೆ. ಅವರಿಂದಲೇ ಹೇಳಿಸಿ.

ಹಂತ 3: ಯಾರ ಹತ್ತಿರ ಹೋಗಬೇಕು

ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮೇಲೆ ಮನೋವೈದ್ಯಕೀಯ ಓದಿದ ಡಾಕ್ಟರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆಯಲ್ಲಿ ತರಬೇತಾದವರು, ಮಾತ್ರೆ ಬರೆಯುವುದಿಲ್ಲ. ಇವರು ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ನಂಬರ್ ಕೇಳುವುದರಲ್ಲಿ ಸಂಕೋಚ ಬೇಡ. ಕೌನ್ಸೆಲರ್ ಅನ್ನುವ ಬೋರ್ಡ್ ಮಾತ್ರ ಯಾರು ಬೇಕಾದರೂ ಹಾಕಿಕೊಳ್ಳುವಂತಿದೆ, ಅಲ್ಲಿ ಓದು, ಅನುಭವ ಎರಡನ್ನೂ ವಿಚಾರಿಸಿ.

ಎಲ್ಲಿಂದ ಶುರು ಮಾಡಬೇಕೋ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು, ದೇಶಕ್ಕೆಲ್ಲ ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸೇ. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಒಂಟಿತನ, ಪಿಂಚಣಿ, ಮನೆಯ ಕಿರುಕುಳ ಇಂಥ ವಿಷಯ ಆದರೆ ಹಿರಿಯ ನಾಗರಿಕರ ಸಹಾಯವಾಣಿ 14567, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ. ಬೆಂಗಳೂರಿನಲ್ಲಿ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ ನಡೆಸುವ ಹಿರಿಯರ ಸಹಾಯವಾಣಿ 1090 ಕೂಡ ಇದೆ.

ಬೆಂಗಳೂರಿನ ಆಚೆ ಇರುವವರಿಗೆ ಜಿಲ್ಲಾಸ್ಪತ್ರೆಯೇ ಹತ್ತಿರದ ದಾರಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಅಲ್ಲಿರುತ್ತದೆ. ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಸುವ ಏರ್ಪಾಡಿದೆ. ನಿಮ್ಮ ತಾಲೂಕಿನಲ್ಲಿ ಯಾವ ವಾರ, ಯಾರು ಬರುತ್ತಾರೆ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಅಂದಹಾಗೆ, ದೇಶಕ್ಕೆಲ್ಲ ಹಬ್ಬಿದ ಈ ಜಿಲ್ಲಾ ಕಾರ್ಯಕ್ರಮ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದಲೇ ಬಂದದ್ದು. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಓಡಾಡುವುದು ಕಷ್ಟ ಆದರೆ ಫೋನಿನಲ್ಲೇ ಸೆಷನ್ ಆಗಬಹುದು. ಇದು ಅಡ್ಜಸ್ಟ್‌ಮೆಂಟ್ ಚಿಕಿತ್ಸೆ ಅಂದುಕೊಳ್ಳಬೇಡಿ. ಅಮೆರಿಕದ ನಾರ್ತ್ ಕೆರೊಲಿನಾದ ಹಳ್ಳಿಗಾಡಿನ 60 ದಾಟಿದ 141 ಜನರ ಜೊತೆ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಲ್ಲಿ ಫೋನಿನಲ್ಲಿ ಬರೀ ಸಮಾಧಾನದ ಮಾತು ಕೇಳಿದವರಿಗಿಂತ, ಫೋನಿನಲ್ಲೇ ಸಿಬಿಟಿ ಪಡೆದವರ ಚಿಂತೆ ಹೆಚ್ಚು ಇಳಿದಿತ್ತು. ವಿಡಿಯೊ ಕಾಲ್ ತೆರೆಯಲು ಬಾರದವರಿಗೆ ಮಾಮೂಲಿ ಫೋನೇ ಸಲೀಸು.

ಹಂತ 4: ಮೊದಲ ಸೆಷನ್‌ಗೆ ಮುಂಚೆ ಹೇಳಿಡಬೇಕಾದ್ದು

ಕನ್ನಡಕ, ಕಿವಿಯ ಮಿಷನ್ ಎರಡೂ ಜೊತೆಗಿರಲಿ. ಕಿವಿ ಸರಿಯಾಗಿ ಕೇಳದೆ ಹೂಂ ಹೂಂ ಅಂದು ಎದ್ದು ಬರುವ ಹಿರಿಯರು ಬೇಕಾದಷ್ಟು ಜನ. ಬೆಳಗಿನ ಹೊತ್ತು ಕೇಳಿ. ಒಂದು ಗಂಟೆ ಕೂರಲಾಗದಿದ್ದರೆ ಅರ್ಧ ಗಂಟೆ ಸಾಕು ಅನ್ನಿ. ಒಂದು ಸಲಕ್ಕೆ ಒಂದೇ ವಿಷಯ, ಅದನ್ನೂ ದಪ್ಪಕ್ಷರದಲ್ಲಿ ಬರೆದುಕೊಡಲಿ ಅಂತ ಕೇಳಿ. ಇಲ್ಲವಾದರೆ ಕೊನೆಯ ಐದು ನಿಮಿಷದ ಸಾರಾಂಶವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಡಲಿ.

ಮಕ್ಕಳಿಗೆ ಒಂದು ಮಾತು. ನೀವು ಒಳಗೆ ಕೂತು ಅಮ್ಮನ ಪರವಾಗಿ ಉತ್ತರ ಹೇಳಬೇಡಿ. ಎಷ್ಟೋ ತಾಯಂದಿರ ಆತಂಕ ಮಗನ ಬಗ್ಗೆಯೋ ಸೊಸೆಯ ಬಗ್ಗೆಯೋ ಆಸ್ತಿಯ ಬಗ್ಗೆಯೋ ಇರುತ್ತದೆ. ನೀವು ಪಕ್ಕದಲ್ಲಿದ್ದರೆ ಅದು ಹೊರಗೆ ಬರುವುದಿಲ್ಲ. ಅವರು ಒಪ್ಪಿದರೆ ಕೊನೆಯ ಹತ್ತು ನಿಮಿಷ ಸೇರಿಕೊಳ್ಳಿ.

ಮೊದಲ ದಿನ ಜಿಎಡಿ-7 ಅನ್ನುವ ಏಳು ಪ್ರಶ್ನೆಗಳ ಹಾಳೆ ಕೊಡಬಹುದು. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಹೀಗಾಯಿತು ಅಂತ ಕೇಳುತ್ತಾರೆ, ಒಟ್ಟು ಅಂಕ 21. ಐದರಿಂದ ಸಣ್ಣ ಮಟ್ಟದ ಆತಂಕ, 10ರಿಂದ ಮಧ್ಯಮ, 15ರಿಂದ ತೀವ್ರ ಅಂತ ಸಾಮಾನ್ಯ ಲೆಕ್ಕ. ಇದು ಬರೀ ಅಳತೆ ಕೋಲು, ಕಾಯಿಲೆ ನಿರ್ಧಾರ ಡಾಕ್ಟರದ್ದೇ.

ಹಂತ 5: ನೋಟ್‌ಬುಕ್ಕಿನ ಒಂದು ಪುಟ

ಚಿಕಿತ್ಸೆಯ ಜೀವ ಇರುವುದು ಇಲ್ಲೇ. ಎಪ್ಪತ್ತು ದಾಟಿದ ಒಬ್ಬ ತಾಯಿ ಅಂದುಕೊಳ್ಳಿ. ಇರುವುದು ತುಮಕೂರಿನಲ್ಲಿ, ಮಗ ಹೈದರಾಬಾದಿನಲ್ಲಿ. ಅವರ ಪುಟ ಹೀಗಿರಬಹುದು.

ಏನಾಯಿತು: ರಾತ್ರಿ ಎಂಟೂವರೆಗೆ ಮಗ ಫೋನ್ ಎತ್ತಲಿಲ್ಲ.
ತಲೆಗೆ ಬಂದದ್ದು: ಬೈಕಿನಲ್ಲಿ ಬರುವಾಗ ಏನೋ ಆಗಿದೆ.
ಮೈಗೆ ಆದದ್ದು: ಎದೆ ಡವಡವ, ಅಂಗೈ ತಣ್ಣಗೆ, ಊಟ ಸೇರಲಿಲ್ಲ.
ಮಾಡಿದ್ದು: ಮತ್ತೆ ಏಳು ಸಲ ಫೋನ್. ಸೊಸೆಗೆ ಫೋನ್. ಮಂಜುನಾಥನಿಗೆ ಹರಕೆ.
ಕೊನೆಗೆ ಆದದ್ದು: ಒಂಬತ್ತೂಕಾಲಿಗೆ ಅವನೇ ಮಾಡಿದ. ಮೀಟಿಂಗಿನಲ್ಲಿದ್ದನಂತೆ.

ಮುಂದಿನ ಸೆಷನ್‌ನಲ್ಲಿ ಸೈಕಾಲಜಿಸ್ಟ್ ಈ ಪುಟ ಇಟ್ಟುಕೊಂಡು ಮಾತಾಡುತ್ತಾರೆ.

'ಅಮ್ಮ, ಮಗ ಫೋನ್ ಎತ್ತದೇ ಇರೋದು ತಿಂಗಳಿಗೆ ಎಷ್ಟು ಸಲ ಆಗುತ್ತೆ?'

'ಐದಾರು ಸಲ ಆಗುತ್ತಪ್ಪ.'

'ಅವರು ಹೈದರಾಬಾದಿಗೆ ಹೋಗಿ ಎಷ್ಟು ವರ್ಷ ಆಯ್ತು?'

'ಒಂಬತ್ತು.'

'ಇಷ್ಟು ವರ್ಷದಲ್ಲಿ ಫೋನ್ ಎತ್ತದೇ ಇದ್ದಾಗ ಕೆಟ್ಟ ಸುದ್ದಿ ಬಂದದ್ದು?'

ಅಮ್ಮ ಲೆಕ್ಕ ಹಾಕುತ್ತಾರೆ. ಒಂದು ಸಲ ಜ್ವರ ಬಂದು ಮಲಗಿದ್ದ, ಅಷ್ಟೇ.

ಗಮನಿಸಿ, 'ಏನೂ ಆಗಲ್ಲ ಬಿಡಿ' ಅಂತ ಅವರು ಎಲ್ಲೂ ಹೇಳಲಿಲ್ಲ. ಲೆಕ್ಕ ಅಮ್ಮನ ಬಾಯಲ್ಲೇ ಬಂತು. ಆಮೇಲೆ ಒಂದು ಸಣ್ಣ ಪ್ರಯೋಗ: ಈ ವಾರ ಮಗ ಫೋನ್ ಎತ್ತದಿದ್ದರೆ ಎರಡನೇ ಸಲ ಮಾಡುವ ಮುಂಚೆ ಅರ್ಧ ಗಂಟೆ ತಡೆಯಬೇಕು. ಆ ಅರ್ಧ ಗಂಟೆಯಲ್ಲಿ ಭಯ ಎಷ್ಟಿತ್ತು, ಎಷ್ಟಾಯಿತು ಅಂತ ಬರೆಯಬೇಕು. ಹತ್ತಕ್ಕೆಷ್ಟು, ನೂರಕ್ಕೆಷ್ಟು ಅಂದರೆ ಕೆಲವರಿಗೆ ತಲೆಗೆ ಹೋಗುವುದಿಲ್ಲ. 'ರೂಪಾಯಿಗೆ ಎಷ್ಟಾಣೆ ಭಯ?' ಅಂತ ಕೇಳಿ ನೋಡಿ. ಆಣೆ ಲೆಕ್ಕದಲ್ಲಿ ಬೆಳೆದವರು 'ಮೊದಲು ಹದಿನಾರಾಣೆ ಇತ್ತು, ಆಮೇಲೆ ಹತ್ತಾಣೆಗೆ ಬಂತು' ಅಂತ ಥಟ್ಟನೆ ಹೇಳುತ್ತಾರೆ. ಏನೂ ಮಾಡದೆ ಕೂತರೂ ಭಯ ತಾನಾಗಿ ಇಳಿಯುತ್ತದೆ ಅನ್ನುವುದು ಅನುಭವಕ್ಕೆ ಬಂದ ಮೇಲೆ ಅರ್ಧ ಕೆಲಸ ಮುಗಿದ ಹಾಗೆ.

ಬರೆಯಲು ಬಾರದವರು ಮೊಮ್ಮಕ್ಕಳ ಕೈಲಿ ಬರೆಸಬಹುದು, ಫೋನಿಗೆ ಹೇಳಿ ರೆಕಾರ್ಡ್ ಮಾಡಬಹುದು.

ಹಂತ 6: ಮನೆಯ ಅಭ್ಯಾಸಗಳು

ಉಸಿರಾಟ: ನಾಲ್ಕು ಎಣಿಸುತ್ತಾ ಮೂಗಿನಿಂದ ಒಳಕ್ಕೆ, ಆರು ಎಣಿಸುತ್ತಾ ನಿಧಾನ ಹೊರಕ್ಕೆ. ಐದು ನಿಮಿಷ, ದಿನಕ್ಕೆರಡು ಸಲ. ಗಾಬರಿ ಬಂದಾಗ ಮಾತ್ರ ಮಾಡಿದರೆ ಹತ್ತುವುದಿಲ್ಲ, ಆರಾಮಾಗಿರುವಾಗಲೇ ರೂಢಿ ಆಗಬೇಕು. ದಮ್ಮು, ಹೃದಯದ ತೊಂದರೆ ಇರುವವರು ಉಸಿರು ಕಟ್ಟಿ ಹಿಡಿಯುವುದು ಬೇಡ.

ಚಿಂತೆಗೊಂದು ಹೊತ್ತು: ಸಂಜೆ ಐದೂವರೆಯಿಂದ ಹದಿನೈದು ನಿಮಿಷ ಚಿಂತೆ ಮಾಡಲಿಕ್ಕೇ ಇಡುವುದು. ಬೇರೆ ಹೊತ್ತಲ್ಲಿ ಚಿಂತೆ ಬಂದರೆ ಚೀಟಿಯಲ್ಲಿ ಬರೆದು 'ಐದೂವರೆಗೆ ನೋಡೋಣ' ಅನ್ನುವುದು. ಕೇಳಿದರೆ ನಗು ಬರುತ್ತದೆ, ಆದರೆ ಸಂಜೆ ಚೀಟಿ ತೆಗೆದಾಗ ಅರ್ಧಕ್ಕರ್ಧ ಚಿಂತೆ ಹಳಸಿರುತ್ತವೆ. ಮಲಗುವ ಹೊತ್ತಿಗೆ ಹತ್ತಿರ ಮಾತ್ರ ಇಟ್ಟುಕೊಳ್ಳಬೇಡಿ.

ಹೊರಗೆ ಹೋಗುವ ಭಯ: ಒಂದು ಸಲ ಬಚ್ಚಲಲ್ಲಿ ಜಾರಿ ಬಿದ್ದವರು ಆಮೇಲೆ ಬಾಗಿಲು ದಾಟುವುದೇ ಇಲ್ಲ. ನಡೆಯದೆ ಕಾಲಿನ ಬಲ ಕುಂದುತ್ತದೆ, ಬಲ ಕುಂದಿ ಮತ್ತೆ ಬೀಳುತ್ತಾರೆ. ಮೊದಲು ಬಚ್ಚಲಿಗೆ ಹಿಡಿಕೆ ಹಾಕಿಸಿ, ಜಾರದ ಚಪ್ಪಲಿ ಕೊಡಿಸಿ, ಎದ್ದು ನಿಂತಾಗ ಬಿಪಿ ಇಳಿಯುತ್ತದಾ ಅಂತ ನೋಡಿಸಿ, ಫಿಸಿಯೋಥೆರಪಿಸ್ಟ್ ಹತ್ತಿರ ಕಾಲಿನ ವ್ಯಾಯಾಮ ಕಲಿಸಿ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ: ಮೊದಲ ಕೆಲವು ದಿನ ಗೇಟಿನ ತನಕ, ಜೊತೆಗೊಬ್ಬರು. ಮುಂದೆ ಪಕ್ಕದ ಮನೆ. ಆಮೇಲೆ ಮೂಲೆಯ ನಂದಿನಿ ಬೂತ್. ಕೊನೆಗೆ ಜೊತೆಯಿಲ್ಲದೆ ದೇವಸ್ಥಾನ. ಒಂದು ಮೆಟ್ಟಿಲಲ್ಲಿ ಭಯ ನಾಲ್ಕಾಣೆಗೆ ಇಳಿಯುವ ತನಕ ಮುಂದಿನದಕ್ಕೆ ಹೋಗುವ ಅವಸರ ಬೇಡ. ಒಂದು ದಿನ ಭಯ ಆಯಿತು ಅಂತ ಪೂರ್ತಿ ನಿಲ್ಲಿಸುವುದೂ ಬೇಡ.

ಜಪ, ದೇವರನಾಮ, ಭಜನೆ ಇವುಗಳ ಬಗ್ಗೆ ಕೇಳುವವರಿದ್ದಾರೆ. ಧಾರಾಳವಾಗಿ ಇರಲಿ. ಉಸಿರಾಟದ ಎಣಿಕೆಯ ಬದಲು ರಾಮನಾಮ ಹೇಳಿಕೊಂಡರೂ ಕೆಲಸ ಒಂದೇ. ಆದರೆ 'ನೂರೆಂಟು ಸಲ ಹೇಳದಿದ್ದರೆ ಮಗನಿಗೆ ಕೆಡುಕಾಗುತ್ತೆ' ಅನ್ನುವ ಹಂತಕ್ಕೆ ಬಂದರೆ ಅದನ್ನು ಸೈಕಾಲಜಿಸ್ಟ್‌ಗೆ ಹೇಳಿ.

ಹಂತ 7: ಮನೆಯವರು ಬಾಯಿ ಕಟ್ಟುವುದು

'ಬಿಪಿ ಜಾಸ್ತಿ ಇದೆಯಾ ನೋಡು', 'ಈ ಮಾತ್ರೆ ತಗೊಂಡರೆ ಏನೂ ಆಗಲ್ಲ ತಾನೆ?', 'ಬಾಗಿಲು ಹಾಕಿದೆಯಾ?' ದಿನಕ್ಕೆ ಹತ್ತು ಸಲ ಬರುವ ಪ್ರಶ್ನೆ. ಪ್ರತಿ ಸಲವೂ 'ಏನೂ ಆಗಲ್ಲಮ್ಮ' ಅಂದರೆ ಹತ್ತು ನಿಮಿಷ ಸಮಾಧಾನ, ಹನ್ನೊಂದನೇ ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಪ್ರೀತಿಯಿಂದ ಕೊಡುವ ಭರವಸೆಯೇ ಆತಂಕಕ್ಕೆ ಮೇವಾಗುತ್ತದೆ. ಅಮೆರಿಕದಲ್ಲಿರುವ ಮಕ್ಕಳು ನಡುರಾತ್ರಿ ಎದ್ದು ಕರೆ ತೆಗೆದುಕೊಳ್ಳುವುದೂ ಇದೇ ಕತೆ.

ಸೈಕಾಲಜಿಸ್ಟ್ ಎದುರಿಗೇ, ಅಮ್ಮನೂ ಕೂತಿರುವಾಗ ಒಂದು ಒಪ್ಪಂದ ಮಾಡಿಕೊಳ್ಳಿ. ಬಿಪಿ ನೋಡುವುದು ಡಾಕ್ಟರು ಹೇಳಿದಷ್ಟು ಸಲ ಮಾತ್ರ. ಮಗನ ಫೋನ್ ದಿನಾ ಒಂದೇ ಹೊತ್ತಿಗೆ, ಹದಿನೈದು ನಿಮಿಷ, ಅವತ್ತು ಏನು ಅಡುಗೆ, ಯಾರು ಬಂದಿದ್ದರು ಅನ್ನುವ ಮಾತು. ಮಧ್ಯೆ ಅದೇ ಪ್ರಶ್ನೆ ಬಂದರೆ ಉತ್ತರ ಹೀಗೆ: 'ಅಮ್ಮ, ಭಯ ಆಗ್ತಿದೆ ಅಂತ ಗೊತ್ತು. ಇದನ್ನ ಪುಸ್ತಕದಲ್ಲಿ ಬರೆಯೋಣ ಅಂದಿದ್ವಿ, ಅಲ್ವಾ?' ಒಪ್ಪಂದ ಇಲ್ಲದೆ ಒಂದು ದಿನ ಹಠಾತ್ತನೆ ಉತ್ತರ ಕೊಡುವುದು ನಿಲ್ಲಿಸಿದರೆ ಅದು ಕ್ರೌರ್ಯ ಅನಿಸುತ್ತದೆ. ಮೊದಲ ಒಂದೆರಡು ವಾರ ಪ್ರಶ್ನೆ ಜಾಸ್ತಿಯೇ ಆಗಬಹುದು, ತಡೆದುಕೊಳ್ಳಿ.

ಹಂತ 8: ನಿಜವಾದ ಭಯಗಳಿಗೆ ಬೇರೆ ದಾರಿ

ಹಿರಿಯರ ಚಿಂತೆಯೆಲ್ಲ ಭ್ರಮೆ ಅಲ್ಲ. ಮೊಣಕಾಲು ನಿಜವಾಗಿಯೂ ಹೋಗಿದೆ, ಗೆಳೆಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ, ಪಿಂಚಣಿ ಸಾಲುತ್ತಿಲ್ಲ. 'ಅನಾಯಾಸೇನ ಮರಣಂ' ಎಂದು ದಿನಾ ಕೇಳಿಕೊಳ್ಳುವವರ ಮನಸ್ಸಿನಲ್ಲಿ ಸಾವಿಗಿಂತ ಹಾಸಿಗೆ ಹಿಡಿಯುವ ಭಯ ದೊಡ್ಡದು. ಇದಕ್ಕೆ ಲೆಕ್ಕ ಹಾಕಿಸಿದರೆ ಸಾಲದು. ಚಿಂತೆಯನ್ನು ಎರಡು ಪಾಲು ಮಾಡಿ. ಏನಾದರೂ ಮಾಡಬಹುದಾದ್ದು ಒಂದು: ವಿಲ್ ಬರೆಯುವುದು, ಬ್ಯಾಂಕ್ ಖಾತೆಗೆ ನಾಮಿನಿ ಹಾಕಿಸುವುದು, ರಾತ್ರಿ ಏನಾದರೂ ಆದರೆ ಯಾರನ್ನು ಕರೆಯಬೇಕು ಅನ್ನುವ ನಂಬರ್ ಗೋಡೆಗೆ ಅಂಟಿಸುವುದು. ಇವನ್ನು ಮಾಡಿ ಮುಗಿಸಿ. 'ಅಂಥ ಮಾತೆಲ್ಲ ಯಾಕಪ್ಪ' ಅಂತ ಮಕ್ಕಳೇ ಬಾಯಿ ಮುಚ್ಚಿಸುವುದುಂಟು. ಮುಚ್ಚಿಸಬೇಡಿ. ಯಾರ ಕೈಯಲ್ಲೂ ಇಲ್ಲದ್ದು ಇನ್ನೊಂದು ಪಾಲು. ಅದನ್ನು ಜೊತೆಗಿಟ್ಟುಕೊಂಡೇ ಇವತ್ತಿನ ವಾಕಿಂಗು, ಇವತ್ತಿನ ಮಾತುಕತೆ ಹೇಗೆ ನಡೆಸುವುದು ಅಂತ ಸೆಷನ್‌ನಲ್ಲಿ ಕಲಿಸುತ್ತಾರೆ.

'ಬದುಕಿದ್ದು ಸಾಕಾಯ್ತು', 'ನಾನಿಲ್ಲದಿದ್ದರೆ ನಿಮಗೇ ಆರಾಮ' ಅನ್ನುವ ಮಾತು ಬಂದರೆ ವಯಸ್ಸಾದವರ ಗೊಣಗಾಟ ಅಂತ ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿಯೇ ಕೇಳಿ. ಹೌದು ಅಂದರೆ ಒಬ್ಬರನ್ನೇ ಬಿಡದೆ 14416ಕ್ಕೆ, ತುರ್ತಾದರೆ 112ಕ್ಕೆ ಫೋನ್ ಮಾಡಿ.

ಹಂತ 9: ಗುಣ ಆಗುತ್ತಿದೆಯಾ ಅಂತ ನೋಡುವುದು

'ಈಗ ಹೇಗಿದೆ?' ಅಂತ ಕೇಳಿದರೆ 'ಹಾಗೇ ಇದೆ' ಅನ್ನುವುದೇ ಉತ್ತರ. ಅದರ ಬದಲು ಪುಸ್ತಕ ತೆರೆಯಿರಿ. ಏಳು ಸಲ ಮಾಡುತ್ತಿದ್ದ ಫೋನ್ ಎರಡಕ್ಕೆ ಬಂದಿದೆಯಾ? ನಂದಿನಿ ಬೂತಿನ ತನಕ ಹೋದರಾ? ಜಿಎಡಿ-7 ಅಂಕ ಇಳಿಯಿತಾ? ಐದಾರು ಸೆಷನ್ ಆದರೂ ಏನೂ ಕದಲದಿದ್ದರೆ ಸೈಕಾಲಜಿಸ್ಟ್ ಹತ್ತಿರವೇ ಕೇಳಿ. ವಿಧಾನ ಬದಲಿಸಬೇಕೋ, ಸೈಕಿಯಾಟ್ರಿಸ್ಟ್ ನೋಡಿ ಮಾತ್ರೆ ಸೇರಿಸಬೇಕೋ ಅವರು ಹೇಳುತ್ತಾರೆ. ಎಸಿಟಲೋಪ್ರಾಮ್, ಸರ್ಟ್ರಲೀನ್ ತರಹದ ಮಾತ್ರೆಗಳು ಕೆಲಸ ಶುರು ಮಾಡಲು ಕೆಲವು ವಾರ ಬೇಕು. ವಯಸ್ಸಾದವರಲ್ಲಿ ಇವು ರಕ್ತದ ಸೋಡಿಯಂ ಇಳಿಸಬಹುದು, ಅದಕ್ಕೆ ರಕ್ತಪರೀಕ್ಷೆ ಮಾಡಿಸುತ್ತಾರೆ. ಮಾತ್ರೆ ಮತ್ತು ಮಾತು ಎರಡೂ ಜೊತೆಗೆ ನಡೆಯುವುದರಲ್ಲಿ ತಪ್ಪೇನಿಲ್ಲ.

ಖರ್ಚಿನ ಬಗ್ಗೆ ಎರಡು ಮಾತು. ಪ್ರೈವೇಟ್ ಆದರೆ ಒಂದು ಸೆಷನ್‌ಗೆ ಎಷ್ಟು, ಒಟ್ಟು ಎಷ್ಟು ಬೇಕಾಗಬಹುದು ಅಂತ ಮೊದಲ ದಿನವೇ ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಇನ್ಶೂರೆನ್ಸ್ ಕಂಪನಿಗಳು ಮಾನಸಿಕ ಕಾಯಿಲೆಯನ್ನೂ ದೈಹಿಕ ಕಾಯಿಲೆಯ ಹಾಗೆಯೇ ನೋಡಬೇಕು. ಆದರೆ ಅಡ್ಮಿಟ್ ಆಗದೆ ಬಂದು ಹೋಗುವ ಸೆಷನ್‌ಗಳಿಗೆ ಎಷ್ಟೋ ಪಾಲಿಸಿಗಳಲ್ಲಿ ಹಣ ಸಿಗುವುದಿಲ್ಲ. ಪಾಲಿಸಿ ಓದಿ ನೋಡಿ.

ಸೆಷನ್ ಮುಗಿದ ಮೇಲೂ ಆ ನೋಟ್‌ಬುಕ್ ಎಸೆಯಬೇಡಿ. ಮನೆಯಲ್ಲಿ ಸಾವು, ಆಪರೇಷನ್, ಮನೆ ಬದಲಾವಣೆ ಆದಾಗ ಆತಂಕ ಮತ್ತೆ ತಲೆ ಎತ್ತುವುದು ಸಾಮಾನ್ಯ. ಆಗ ಮೊದಲಿನಿಂದ ಶುರು ಮಾಡಬೇಕಿಲ್ಲ, ಒಂದೆರಡು ಸೆಷನ್ ಮತ್ತೆ ಹೋಗಿ ಬಂದರೆ ಬಹಳಷ್ಟು ಜನರಿಗೆ ಸಾಕಾಗುತ್ತದೆ. ಸೈಕಾಲಜಿಸ್ಟ್ ನಂಬರನ್ನು ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ದೊಡ್ಡದಾಗಿ ಬರೆದಿಡಿ.